ತಂತಿಯ ನಷ್ಟ ಮತ್ತು ಅಳತೆಯ ಜಾಗ: ಮಲೆನಾಡಿನ ರೇಡಿಯೊ ಚರಿತ್ರೆಗೆ ಒಂದು ಟಿಪ್ಪಣಿ

ಕರ್ನಾಟಕದ ಬಾನುಲಿ ಚರಿತ್ರೆಯು ಬಹುಮಟ್ಟಿಗೆ ಕೇಂದ್ರಗಳ, ಕಾರ್ಯಕ್ರಮಗಳ ಹಾಗೂ ಕಲಾವಿದರ ಚರಿತ್ರೆಯಾಗಿದೆ. 1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟ್‌ನ ಪ್ರೇಷಕದಿಂದ ಪ್ರಸಾರ ಆರಂಭಿಸಿದ ಸಂಗತಿ ಸುಪರಿಚಿತ. ಆದರೆ ಪ್ರೇಷಕಕ್ಕೂ ಆಂಟೆನಾಕ್ಕೂ ನಡುವೆ ಇರುವ ತಂತಿಯನ್ನು ಈ ಚರಿತ್ರೆ ಅಷ್ಟಾಗಿ ಗಮನಿಸಿಲ್ಲ. ಮೂಡಿಗೆರೆ, ಕಳಸದಂತಹ ಬೆಟ್ಟಗಾಡಿನಲ್ಲಿ ಆ ತಂತಿಯೇ ನಿರ್ಣಾಯಕವಾಗುತ್ತದೆ.

ಅತ್ಯುಚ್ಚ ಆವೃತ್ತಿಯ ಅಲೆಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುವಂಥವು. ಚಾರ್ಮಾಡಿಯಿಂದ ಕುದುರೆಮುಖದವರೆಗಿನ ಮಡಿಕೆ ಮಡಿಕೆಯಾದ ನೆಲದಲ್ಲಿ ಕಾಫಿ ತೋಟದ ಮನೆಗಳು ಕಣಿವೆಯಲ್ಲಿರುತ್ತವೆ. ಅಲೆಗೆ ದಾರಿ ಸಿಗುವುದು ಗುಡ್ಡದ ನೆತ್ತಿಯಲ್ಲಿ. ದೂರದರ್ಶನ ಬಂದ ಕಾಲದಲ್ಲಿ ಗುಡ್ಡದ ಮೇಲೆ ಆಂಟೆನಾ ನೆಟ್ಟು ತೋಟದ ನಡುವೆ ಉದ್ದನೆಯ ಕೇಬಲ್ ಎಳೆದ ಮನೆಗಳು ಮಲೆನಾಡಿನಲ್ಲಿ ಅಪರೂಪವಲ್ಲ. ಹವ್ಯಾಸಿ ರೇಡಿಯೊದವರಿಗೂ ನಿಸ್ತಂತು ಸಂಪರ್ಕದವರಿಗೂ ಎದುರಾಗುವುದು ಇದೇ ಅನಿವಾರ್ಯತೆ. ಉದ್ದ ಹೆಚ್ಚಿದಂತೆ ನಷ್ಟವೂ ಹೆಚ್ಚುತ್ತದೆ.

ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿ ಕೋಆಕ್ಸಿಯಲ್ ತಂತಿಗೆ ಪೇಟೆಂಟ್ ಪಡೆದನು. ಅದೇ ದಶಕದಲ್ಲಿ ತಂತಿಯಲ್ಲಿ ಸಾಗುವ ಅಲೆಯ ಕ್ಷಯವನ್ನು ಸಮೀಕರಣಗಳಲ್ಲಿ ನಿರೂಪಿಸಿದನು. ತಂತಿಯ ಕೊನೆಯಲ್ಲಿ ಆಂಟೆನಾ ಹೊಂದಿಕೆಯಾಗದಿದ್ದರೆ ಶಕ್ತಿಯ ಒಂದು ಭಾಗ ಮಾರ್ದನಿಯಂತೆ ಹಿಂದಿರುಗುತ್ತದೆ. ಹೋಗುವ ಮುಂಗಾಮಿ ಶಕ್ತಿಯನ್ನೂ ಮರಳುವ ಪ್ರತಿಫಲಿತ ಶಕ್ತಿಯನ್ನೂ ಬೇರೆ ಬೇರೆಯಾಗಿ ತೋರಿಸುವ ದಿಶಾ ಮಾಪಕಗಳು 1950ರ ದಶಕದಲ್ಲಿ ಬಳಕೆಯಲ್ಲಿದ್ದವು. ಅಂತಹ ಮಾಪಕದ ಒಳರಚನೆಯನ್ನು ವಾರನ್ ಬ್ರೂನ್ 1959ರಲ್ಲಿ ಅಮೆರಿಕದ ಹವ್ಯಾಸಿಗಳ ಪತ್ರಿಕೆಯಲ್ಲಿ ವಿವರಿಸಿದನು.

ನಷ್ಟವಿಲ್ಲದ ತಂತಿಯಲ್ಲಿ ಮಾಪಕವನ್ನು ಎಲ್ಲಿಟ್ಟರೂ ಉತ್ತರ ಒಂದೇ. ನಷ್ಟವಿರುವ ತಂತಿಯಲ್ಲಿ ಹಾಗಲ್ಲ. 145 ಮೆಗಾಹರ್ಟ್ಸ್‌ನಲ್ಲಿ ತೆಳುವಾದ ಆರ್‌ಜಿ-58 ಕೇಬಲ್ 50 ಮೀಟರ್‌ಗೆ ಸುಮಾರು 10 ಡೆಸಿಬೆಲ್ ಕಳೆಯುತ್ತದೆ. ಪ್ರೇಷಕ 100 ವ್ಯಾಟ್ ಕೊಟ್ಟರೆ ಮೇಲೆ ತಲಪುವುದು 10 ವ್ಯಾಟ್. ಆಂಟೆನಾ ಮುರಿದುಬಿದ್ದಿದ್ದು, ಅಷ್ಟೂ ಶಕ್ತಿ ಹಿಂದಿರುಗಿದರೂ ಇಳಿಯುವ ದಾರಿಯಲ್ಲಿ ಮತ್ತೆ ಹತ್ತನೆಯ ಒಂದು ಪಾಲು ಮಾತ್ರ ಉಳಿಯುತ್ತದೆ. ಕೆಳಗಿನ ಮಾಪಕ ಕಾಣುವುದು 1 ವ್ಯಾಟ್. ಸ್ಥಾಯೀ ತರಂಗ ಅನುಪಾತ ಸುಮಾರು 1.22. ಆಂಟೆನಾದಿಂದ ಏನೂ ಹೊರಡದಿದ್ದರೂ ಕಡ್ಡಿ ಎಲ್ಲವೂ ಸರಿಯೆಂದೇ ಹೇಳುತ್ತದೆ. ಮುಂಗಾಮಿಯಿಂದ ಪ್ರತಿಫಲಿತವನ್ನು ಕಳೆದು ಬರುವ 99 ವ್ಯಾಟ್ ತಂತಿಯೊಳಗೆ ಹೋದ ಶಕ್ತಿಯೇ ಹೊರತು ಆಕಾಶಕ್ಕೆ ಹೋದುದಲ್ಲ. ತಾತ್ವಿಕವಾಗಿ ನೋಡಿದರೆ, ನಷ್ಟ ಹೆಚ್ಚಿರುವ ತಂತಿಯ ಲಾಕ್ಷಣಿಕ ಪ್ರತಿಬಾಧೆ ಶುದ್ಧ ರೋಧವಾಗಿ ಉಳಿಯದಿರುವುದರಿಂದ ಈ ಸರಳ ವ್ಯವಕಲನವೂ ಕಟ್ಟುನಿಟ್ಟಾಗಿ ನಿಲ್ಲುವುದಿಲ್ಲ.

ಮಲೆನಾಡಿನ ಮಳೆ ಈ ಭ್ರಮೆಯನ್ನು ಇನ್ನಷ್ಟು ಬಲಪಡಿಸುತ್ತದೆ. ಜೋಡಣೆಯ ಸಂದಿನಿಂದ ನೀರು ಕೇಬಲ್‌ನೊಳಗೆ ಇಳಿದು ಹೊರಹೆಣಿಗೆ ಕಪ್ಪಾದಂತೆ ನಷ್ಟ ಏರುತ್ತದೆ. ಪ್ರತಿಫಲಿತ ಶಕ್ತಿ ಇಳಿಯುತ್ತದೆ. ಕೇಬಲ್ ಕೊಳೆತಷ್ಟೂ ಮಾಪಕದ ಉತ್ತರ ಉತ್ತಮಗೊಳ್ಳುತ್ತ ಹೋಗುತ್ತದೆ ಎಂಬುದು ಇಲ್ಲಿಯ ವಿಪರ್ಯಾಸ.

ಜನಪದ ಅಳತೆಗಳ ಅಧ್ಯಯನಕ್ಕೆ ಈ ಸಂಗತಿ ಹೊಸದಲ್ಲ. ಕಣದಲ್ಲಿ ಅಳೆದ ಭತ್ತವೂ ಒಡೆಯನ ಕಣಜದ ಬಾಗಿಲಲ್ಲಿ ಅಳೆದ ಭತ್ತವೂ ಒಂದೇ ಕೊಳಗದಲ್ಲಿ ಒಂದೇ ಲೆಕ್ಕಕ್ಕೆ ಬರುವುದಿಲ್ಲ. ದಾರಿಯಲ್ಲಿ ಉದುರಿದ್ದು ಯಾರ ಪಾಲಿಗೆ ಎಂಬುದನ್ನು ಅಳೆಯುವ ಜಾಗವೇ ತೀರ್ಮಾನಿಸುತ್ತದೆ. ಅಡಿಕೆ ದಂಬೆಯಲ್ಲಿ ಹಳ್ಳದ ನೀರನ್ನು ಮನೆಗೆ ತರುವವರು ಹರಿವನ್ನು ನೋಡುವುದು ಹಳ್ಳದ ತಲೆಯಲ್ಲಲ್ಲ, ಅಂಗಳದಲ್ಲಿ ನೀರು ಬೀಳುವಲ್ಲಿ. ನಷ್ಟವುಳ್ಳ ದಾರಿಯ ಅಳತೆ ತುದಿಯಲ್ಲಿ ಆಗಬೇಕೆಂಬ ತಿಳಿವಳಿಕೆ ಈ ರೂಢಿಯಲ್ಲಿ ಅಡಕವಾಗಿದೆ.

ರೇಡಿಯೊ ತಂತಿಗೂ ಪರಿಹಾರ ಅದೇ. ಮಾಪಕವನ್ನು ಗುಡ್ಡಕ್ಕೆ ಒಯ್ದು ಆಂಟೆನಾದ ಬುಡದಲ್ಲಿ ಅಳೆಯಬೇಕು. ಇಲ್ಲವೇ ಮೇಲಿನ ತುದಿಯಿಂದ ಆಂಟೆನಾವನ್ನು ಬಿಡಿಸಿ, ಅಲ್ಪ ಶಕ್ತಿಯಲ್ಲಿ ಕೆಳಗಿನಿಂದ ಅಳೆಯಬೇಕು. ಆಗ ಮರಳುವ ಶಕ್ತಿ 6 ಡೆಸಿಬೆಲ್ ಕಡಿಮೆಯಿದ್ದರೆ ತಂತಿಯ ಒಮ್ಮುಖ ನಷ್ಟ 3 ಡೆಸಿಬೆಲ್. ಪ್ರತಿ ಮಳೆಗಾಲಕ್ಕೆ ಮೊದಲು ಈ ಅಂಕಿಯನ್ನು ಬರೆದಿಟ್ಟು ಹೋಲಿಸಿದರೆ ತಂತಿಯ ವಯಸ್ಸು ತಿಳಿಯುತ್ತದೆ.

2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಮೂಡಿಗೆರೆ ಸೀಮೆಯ ಹಲವು ಊರುಗಳ ದಾರಿ ಕಡಿದುಹೋಯಿತು. ಚಾರ್ಮಾಡಿ ಘಾಟಿ ಮುಚ್ಚಿತು. ಅಂತಹ ರಾತ್ರಿಗಳಲ್ಲಿ ಒಂದು ಕಣಿವೆಯ ದನಿ ಹೊರಜಗತ್ತನ್ನು ಮುಟ್ಟುವುದು ನಿಸ್ತಂತು ಯಂತ್ರವೊಂದರಿಂದಲೇ ಆಗಬಹುದು. ಆದಕಾರಣ ಪ್ರತಿಫಲಿತ ಶಕ್ತಿ ಕಡಿಮೆಯೆಂಬ ಒಂದೇ ಅಂಕಿಯಿಂದ ಸಮಾಧಾನಗೊಳ್ಳುವಂತಿಲ್ಲ. ಮಾರ್ದನಿ ಕೇಳಿಸದಿರುವುದು ಕೂಗು ಆಚೆ ದಡ ತಲಪಿತೆಂಬುದಕ್ಕೆ ಸಾಕ್ಷಿಯಲ್ಲ. ಕೂಗು ನಡುದಾರಿಯಲ್ಲೇ ಅಡಗಿರಲೂಬಹುದು.