ಮೂರನೇ ವರ್ಗದ ಡಬ್ಬಿ ಕಲಿಸಿದ ಪಾಠ

ದೀಪಾವಳಿ ರಜೆ ಮುಗಿಯಿತೆಂದರೆ ನಮ್ಮ ಗಡಿಭಾಗದ ಕನ್ನಡ ಶಾಲೆಗಳಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ತಾಲೂಕುಗಳ ಮಕ್ಕಳು ಎಸ್.ಟಿ. ಬಸ್ಸಿನಲ್ಲೋ ರೇಲ್ವೆಯಲ್ಲೋ ವಿಜಯಪುರ, ಬಾದಾಮಿ, ಹಂಪಿ, ಇಲ್ಲವೆ ಪಂಢರಪುರ, ಕೊಲ್ಹಾಪುರಗಳಿಗೆ ಹೊರಡುತ್ತಾರೆ. ಹೊರಡುವ ಮುನ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಸೂಚನೆ ಕೊಡುವುದು ನಮ್ಮೆಲ್ಲರ ರೂಢಿ. ಕಸ ಚೆಲ್ಲಬೇಡಿ, ಗದ್ದಲ ಮಾಡಬೇಡಿ, ಗೋಡೆಯ ಮೇಲೆ ಹೆಸರು ಬರೆಯಬೇಡಿ. ಮಕ್ಕಳು "ಹೂಂ ರೀ ಸರ್" ಅನ್ನುತ್ತಾರೆ. ಬಸ್ಸು ಊರ ಅಗಸಿ ದಾಟುವಷ್ಟರಲ್ಲಿ ಮರೆಯುತ್ತಾರೆ.

ಬರೀ "ಬೇಡಿ, ಬೇಡಿ" ಎಂದರೆ ಯಾರ ಮನಸ್ಸಿನಲ್ಲೂ ಉಳಿಯುವುದಿಲ್ಲ. ಈ ಮಾತುಗಳು ಎಲ್ಲಿಂದ ಬಂದವು, ಯಾರು ಇವುಗಳಿಗಾಗಿ ಕಷ್ಟಪಟ್ಟರು ಎಂದು ಹೇಳಿದರೆ ಉಳಿದೀತು. ಈ ಇತಿಹಾಸ ದೂರದ್ದೂ ಅಲ್ಲ. ಅದರ ದೊಡ್ಡದೊಂದು ಭಾಗ ನಮ್ಮ ಊರುಗಳ ಪಕ್ಕದಲ್ಲೇ ಹಾದುಹೋಗುವ ರೇಲ್ವೆ ಹಳಿಯ ಮೇಲೆ ನಡೆದಿದೆ.

ಅಪರಿಚಿತರು ಒಂದೇ ಹಲಗೆಯ ಮೇಲೆ

1853ರ ಏಪ್ರಿಲ್ 16ರಂದು ಮುಂಬಯಿಯಿಂದ ಠಾಣೆಗೆ ಮೊದಲ ಪ್ರಯಾಣಿಕರ ಗಾಡಿ ಓಡಿತು. ಅದೇ ಕಂಪನಿಯ ಹಳಿ 1860ರಲ್ಲಿ ಸೋಲಾಪುರ ಮುಟ್ಟಿತು. ಮುಂದೆ ಹೋಟಗಿ, ಅಕ್ಕಲಕೋಟ ರೋಡ್, ದುಧನಿ, ಕಲಬುರಗಿ, ವಾಡಿ ದಾಟಿ 1871ರಲ್ಲಿ ರಾಯಚೂರಿಗೆ ಬಂತು. ಅಲ್ಲಿ ಮದ್ರಾಸಿನ ಕಡೆಯಿಂದ ಗುಂತಕಲ್ಲು, ಆದವಾನಿಯ ಮೇಲೆ ಬಂದ ಹಳಿ ಅದಕ್ಕೆ ಕೂಡಿತು. ಮುಂಬಯಿಗೂ ಮದ್ರಾಸಿಗೂ ಸೇತುವೆಯಾದದ್ದು ನಮ್ಮ ಕನ್ನಡದ ನೆಲ.

ಅದಕ್ಕೂ ಮೊದಲು ನಮ್ಮ ಹಿರಿಯರು ಪ್ರವಾಸ ಮಾಡುತ್ತಿರಲಿಲ್ಲವೆಂದಲ್ಲ. ಜಾತ್ರೆಗೆ, ಸಂತೆಗೆ, ಪಂಢರಪುರದ ವಾರಿಗೆ ಹೋಗುತ್ತಿದ್ದರು. ಆದರೆ ಹೋಗುತ್ತಿದ್ದುದು ಕಾಲ್ನಡಿಗೆಯಲ್ಲಿ ಅಥವಾ ಚಕ್ಕಡಿಯಲ್ಲಿ. ತಮ್ಮ ಊರಿನವರ, ತಮ್ಮ ಬಳಗದವರ ಜೊತೆಗೆ. ದಾರಿಯಲ್ಲಿ ಬುತ್ತಿ ಬಿಚ್ಚಿ ಉಂಡರೆ ಎಲೆಯನ್ನು ದನ ತಿನ್ನುತ್ತಿತ್ತು. ಎಲೆ-ಅಡಿಕೆ ಹಾಕಿ ಉಗುಳಿದರೆ ಹೊಲದ ಮಣ್ಣು ನುಂಗುತ್ತಿತ್ತು. ಬಯಲಿನಲ್ಲಿ ಯಾರಿಗೂ ತೊಂದರೆಯಾಗದ ಈ ರೂಢಿಗಳು ಮುಚ್ಚಿದ ಡಬ್ಬಿಯೊಳಗೆ ಬಂದಾಗ ಬೇರೆಯೇ ಆದವು. ಹೆಸರು, ಊರು, ಜಾತಿ, ಭಾಷೆ ಗೊತ್ತಿಲ್ಲದವರು ಒಂದೇ ಹಲಗೆಯ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ರಾತ್ರಿಯಿಡೀ ಕೂಡಬೇಕಾಯಿತು. ಅದಕ್ಕೆ ಬೇಕಾದ ನಡತೆಯನ್ನು ಊರು ಕಲಿಸಿರಲಿಲ್ಲ. ಅದನ್ನು ಹೊಸದಾಗಿ ಕಲಿಯಬೇಕಿತ್ತು.

ಸರಕಾರ ಕಲಿಸಲು ಹೊರಟದ್ದು ದಂಡದ ಮೂಲಕ. 1890ರ ರೇಲ್ವೆ ಕಾಯಿದೆಯಲ್ಲೇ, ಜೊತೆಯ ಪ್ರಯಾಣಿಕರ ಒಪ್ಪಿಗೆಯಿಲ್ಲದೆ ಡಬ್ಬಿಯಲ್ಲಿ ಬೀಡಿ-ಸಿಗರೇಟು ಸೇದಿದವನಿಗೆ 20 ರೂಪಾಯಿಯವರೆಗೆ ದಂಡವಿತ್ತು. ಆ ಕಾಲದ 20 ರೂಪಾಯಿ ಸಣ್ಣ ಮೊತ್ತವಲ್ಲ. ಆದರೂ ಮೂರನೇ ವರ್ಗದ ಡಬ್ಬಿಯಲ್ಲಿ ಹೊಗೆ ನಿಲ್ಲಲಿಲ್ಲ. ಏಕೆಂದರೆ ಅಲ್ಲಿ ಕುಳಿತವರನ್ನು ಮನುಷ್ಯರೆಂದು ನೋಡುವವರೇ ಇರಲಿಲ್ಲ. ಯಾತ್ರೆಯ ದಿನಗಳಲ್ಲಿ ಸರಕಿನ ಡಬ್ಬಿಗಳಿಗೂ ಜನರನ್ನು ತುಂಬುತ್ತಿದ್ದರು. ಕಾಲರಾ ಹರಡಿದರೆ ಯಾತ್ರಿಕರ ಹೊಲಸುತನವೇ ಕಾರಣವೆಂದು ಬರೆಯುತ್ತಿದ್ದರು. ಕುಡಿಯುವ ನೀರು ಎಲ್ಲಿತ್ತು, ಶೌಚಕ್ಕೆ ಜಾಗ ಎಲ್ಲಿತ್ತು ಎಂಬ ಪ್ರಶ್ನೆ ಆಮೇಲಿನದು.

ಹನ್ನೆರಡು ಆಣೆಯ ಚೀಲ

ಈ ಎರಡೂ ತಪ್ಪುಗಳನ್ನು, ಅಂದರೆ ರೇಲ್ವೆಯವರ ತಾತ್ಸಾರವನ್ನೂ ಪ್ರಯಾಣಿಕರ ಕೆಟ್ಟ ಅಭ್ಯಾಸವನ್ನೂ, ಒಂದೇ ತಕ್ಕಡಿಯಲ್ಲಿ ಇಟ್ಟು ತೂಗಿದವರು ಗಾಂಧೀಜಿ. ಅವರು 1902ರಲ್ಲಿ ಕಲಕತ್ತೆಯಿಂದ ರಾಜಕೋಟಕ್ಕೆ ಬೇಕೆಂದೇ ಮೂರನೇ ವರ್ಗದಲ್ಲಿ ಹೊರಟರು. ಆ ವರ್ಗದ ಜನರ ಕಷ್ಟ ತಿಳಿಯಬೇಕೆಂಬುದು ಉದ್ದೇಶ. ಗೋಖಲೆಯವರು ಮೊದಲು ನಕ್ಕರಂತೆ, ಆಮೇಲೆ ಕಾರಣ ಕೇಳಿ ಸಂತೋಷದಿಂದ ಒಪ್ಪಿದರು. ಗಾಂಧೀಜಿ ಹನ್ನೆರಡು ಆಣೆ ಕೊಟ್ಟು ಒಂದು ಕ್ಯಾನ್ವಾಸ್ ಚೀಲ ಕೊಂಡರು. ಗೋಖಲೆಯವರು ಒಂದು ಲೋಹದ ಡಬ್ಬಿಯಲ್ಲಿ ಉಂಡೆ-ಪೂರಿ ತುಂಬಿಸಿಕೊಟ್ಟರು. ಬರಬೇಡಿ ಎಂದರೂ ಬೀಳ್ಕೊಡಲು ನಿಲ್ದಾಣಕ್ಕೆ ಬಂದರು. ನೀವು ಮೊದಲ ವರ್ಗದಲ್ಲಿ ಹೋಗುವುದಾಗಿದ್ದರೆ ಬರುತ್ತಿರಲಿಲ್ಲ, ಈಗ ಬರಲೇಬೇಕಾಯಿತು ಎಂಬುದು ಅವರ ಮಾತಿನ ಅರ್ಥ.

ಈ ಪ್ರವಾಸದ ಬಗ್ಗೆ ಬರೆಯುವಾಗ ಗಾಂಧೀಜಿ ಬಡವರೆಂದು ಪ್ರಯಾಣಿಕರ ತಪ್ಪು ಮುಚ್ಚಲಿಲ್ಲ. ಡಬ್ಬಿಯ ನೆಲದ ಮೇಲೇ ಕಸ ಎಸೆಯುವುದು, ಹೊತ್ತು-ಜಾಗ ನೋಡದೆ ಸೇದುವುದು, ಎಲೆ-ತಂಬಾಕು ಜಗಿದು ಇಡೀ ಡಬ್ಬಿಯನ್ನು ಪೀಕದಾನಿ ಮಾಡುವುದು, ಕೂಗಾಟ, ಹೊಲಸು ಮಾತು ಎಲ್ಲವನ್ನೂ ಪಟ್ಟಿ ಮಾಡಿದರು. ಇವತ್ತು ಆ ಪಟ್ಟಿಗೆ ಸೇರಿಸಬೇಕಾದದ್ದು ಬಹುಶಃ ಮೊಬೈಲನ್ನು ದೊಡ್ಡ ದನಿಯಲ್ಲಿ ಹಚ್ಚುವುದೊಂದೇ. ಇದಕ್ಕೆ ಅವರು ಕಂಡ ಮದ್ದು ಮಾತ್ರ ದಂಡವಲ್ಲ. ಓದಿದವರು ತಾವಾಗಿ ಮೂರನೇ ವರ್ಗದಲ್ಲಿ ಕುಳಿತು, ಜನರ ಜೊತೆಗಿದ್ದು ಅಭ್ಯಾಸ ತಿದ್ದಬೇಕು, ಅದೇ ಹೊತ್ತಿಗೆ ರೇಲ್ವೆಯವರ ಬೆನ್ನು ಬಿಡದೆ ದೂರು ಕೊಡಬೇಕು ಎಂದರು.

ರಾಯಚೂರು ದಾಟಿದ ರಾತ್ರಿ

1917ರ ಸಪ್ಟೆಂಬರ್ 12ರಂದು ಗಾಂಧೀಜಿ ಮುಂಬಯಿಯಿಂದ ಮದ್ರಾಸಿಗೆ ಮೇಲ್ ಗಾಡಿಯ ಟಿಕೀಟು ತೆಗೆದರು. ಹಾದಿ ನಮ್ಮದೇ: ಪುಣೆ, ಸೋಲಾಪುರ, ರಾಯಚೂರು. ಟಿಕೀಟಿಗೆ 13 ರೂಪಾಯಿ 9 ಆಣೆ. ಡಬ್ಬಿಯ ಮೇಲೆ 22 ಜನಕ್ಕೆ ಎಂದು ಬರೆದಿತ್ತು, ಅದೂ ಕೂಡಲಿಕ್ಕೆ ಮಾತ್ರ. ಗಾಡಿಯಲ್ಲಿ ಎರಡು ರಾತ್ರಿ ಕಳೆಯಬೇಕು. ಪುಣೆಯವರೆಗೆ ಸಂಖ್ಯೆ ಮೀರದಿದ್ದುದಕ್ಕೆ ಕಾರಣ, ಒಳಗಿದ್ದ ಗಟ್ಟಿಗರು ಬಾಗಿಲಲ್ಲಿ ನಿಂತು ಉಳಿದವರನ್ನು ತಡೆದದ್ದು. ರಾಯಚೂರು ಬಂದ ಮೇಲೆ ತಡೆಯಲಾಗಲಿಲ್ಲ. ಒಂದು ಹೊತ್ತಿನಲ್ಲಿ 35 ಜನರಾದರು. ಕೆಲವರು ಕಸದ ನಡುವೆ ನೆಲದ ಮೇಲೆ ಮಲಗಿದರು, ಕೆಲವರು ನಿಂತೇ ಇದ್ದರು. ಅದು ತನ್ನ ಐದನೇ ರಾತ್ರಿಯೆಂದು ಹೇಳಿದ ಮೇಮನ್ ವ್ಯಾಪಾರಿಯೊಬ್ಬನನ್ನು ಗಾರ್ಡು ಅವಮಾನಿಸಿದ. ಹೊಡೆದಾಟವೇ ಆಗುವುದಿತ್ತು. ಹಿರಿಯರು ಕೆಲವರು ನಡುವೆ ಬಂದು ಸಮಾಧಾನ ಮಾಡಿದ್ದರಿಂದ ತಪ್ಪಿತು. ಇಡೀ ಪ್ರವಾಸದಲ್ಲಿ ಡಬ್ಬಿಗೆ ಒಮ್ಮೆಯೂ ಕಸಬರಿಗೆ ಸೋಕಲಿಲ್ಲ, ಶೌಚದ ತೊಟ್ಟಿಯಲ್ಲಿ ನೀರಿರಲಿಲ್ಲ.

ಆ ತಿಂಗಳ 25ರಂದು ಗಾಂಧೀಜಿ ರಾಂಚಿಯಿಂದ ಪತ್ರಿಕೆಗಳಿಗೆ ಇದನ್ನೆಲ್ಲ ಬರೆದರು. ಆಫ್ರಿಕಾದಿಂದ ಮರಳಿ ಎರಡೂವರೆ ವರ್ಷವಾಗಿತ್ತು. ಅದರಲ್ಲಿ ಕಾಲುಭಾಗಕ್ಕೂ ಹೆಚ್ಚು ಸಮಯ ಅವರು ಮೂರನೇ ವರ್ಗದ ಗಾಡಿಯಲ್ಲೇ ಕಳೆದಿದ್ದರು. ಮೊದಲ ವರ್ಗದ ದರ ಮೂರನೆಯದರ ಐದು ಪಟ್ಟಿಗಿಂತ ಹೆಚ್ಚು. ಹಾಗಾದರೆ ಮೂರನೆಯವನಿಗೆ ಐದರಲ್ಲೊಂದು ಪಾಲು, ಹೋಗಲಿ ಹತ್ತರಲ್ಲೊಂದು ಪಾಲು ಸುಖವಾದರೂ ಸಿಗುತ್ತದೆಯೆ ಎಂದು ಕೇಳಿದರು. ವೈಸರಾಯರು, ರಾಜ-ಮಹಾರಾಜರು ಮುನ್ಸೂಚನೆ ಕೊಡದೆ ಆಗಾಗ ಈ ಡಬ್ಬಿಯಲ್ಲಿ ಬಂದು ನೋಡಲಿ ಎಂದರು.

ಶಿಕ್ಷಕರಾದ ನಮಗೆ ಆ ಪತ್ರದಲ್ಲಿ ಮುಖ್ಯವಾಗಿ ಕಾಣುವ ಮಾತು ಇನ್ನೊಂದಿದೆ. ಲಕ್ಷಾಂತರ ಜನ ಒಟ್ಟಾಗಿ ಸೇರುವ ರೇಲ್ವೆ ಶಿಸ್ತು, ಶುಚಿತ್ವ, ಕೂಡಿ ಬಾಳುವ ಬಗೆಯನ್ನು ಕಲಿಸಬಹುದಾದ ದೊಡ್ಡ ಶಾಲೆ. ಆ ಅವಕಾಶ ಹಾಳಾಗುತ್ತಿದೆ. ಕಲಿಯುವ ಬದಲು ಜನರ ಶುಚಿತ್ವದ ಪ್ರಜ್ಞೆಯೇ ಮೊಂಡಾಗುತ್ತಿದೆ ಎಂದು ಅವರು ಬರೆದರು. ಹೊಲಸು ಜಾಗ ಹೊಲಸು ಅಭ್ಯಾಸ ಕಲಿಸುತ್ತದೆ. ಚೊಕ್ಕ ಜಾಗದಲ್ಲಿ ಉಗುಳಲು ಮನಸ್ಸು ಹಿಂಜರಿಯುತ್ತದೆ. ನಮ್ಮ ತರಗತಿಯ ಕೋಣೆಯಲ್ಲೂ ಇದು ನಿಜ.

ಮಸೂರಿನ ನಿಲ್ದಾಣದಲ್ಲಿ ಮೂರು ಮಕ್ಕಳು

ಪ್ರಯಾಣಿಕರ ಸಭ್ಯತೆ ಎಂದರೆ ಕಸ-ಉಗುಳು ಇಷ್ಟೇ ಎಂದುಕೊಂಡರೆ ಅರ್ಧ ಪಾಠವಾಯಿತು. ಉಳಿದರ್ಧವನ್ನು ಡಾ. ಅಂಬೇಡ್ಕರ್ ಅವರ ಬಾಲ್ಯದಿಂದ ಕಲಿಯಬೇಕು.

1901ರಲ್ಲಿ ಬಾಲಕ ಭೀಮರಾವ್, ಅವನ ಅಣ್ಣ ಮತ್ತು ಅಕ್ಕನ ಮಗ ಸಾತಾರೆಯಿಂದ ತಂದೆಯ ಊರಿಗೆ ರೇಲ್ವೆಯಲ್ಲಿ ಹೊರಟರು. ಹೊಸ ಅಂಗಿ, ಹೊಸ ಟೊಪ್ಪಿಗೆ, ಹಿಡಿಸಲಾಗದ ಸಂತೋಷ. ಮಸೂರ್ ನಿಲ್ದಾಣದಲ್ಲಿ ಇಳಿದರೆ ಕರೆಯಲು ಯಾರೂ ಬಂದಿರಲಿಲ್ಲ. ಸ್ಟೇಶನ್ ಮಾಸ್ತರರು ಮೊದಲು ಅಕ್ಕರೆಯಿಂದಲೇ ವಿಚಾರಿಸಿದರು. ಮಹಾರ ಜಾತಿಯವರು ಎಂದು ಗೊತ್ತಾದದ್ದೇ ಮುಖ ಬದಲಾಯಿತು. ಗಾಡಿಯವರಲ್ಲಿ ಒಬ್ಬರೂ ಕೂಡಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಎಂಬ ಕರಾರಾಯಿತು. ಜೊತೆಗೆ ಬುತ್ತಿ ಸಾಕಷ್ಟಿತ್ತು. ಆದರೆ ಕುಡಿಯಲು ನೀರು ಕೊಡುವವರಿಲ್ಲದೆ ಅದನ್ನು ಉಣ್ಣಲಾಗಲಿಲ್ಲ. ಹಸಿದೇ ಮಲಗಿದರು.

ಆ ಹಾದಿಯಲ್ಲಿ ಇದ್ದವರು ಕಸ ಚೆಲ್ಲದವರೇ ಇರಬಹುದು, ಮೆಲ್ಲಗೆ ಮಾತಾಡುವವರೇ ಇರಬಹುದು. ಆದರೂ ಮೂರು ಮಕ್ಕಳಿಗೆ ನೀರು ಕೊಡಲಿಲ್ಲ. ಹಾದಿಯಲ್ಲಿ ಸಿಕ್ಕ ಅಪರಿಚಿತನಿಗೆ ಜಾಗ ಬಿಡುವುದು, ನೀರು ಕೊಡುವುದು, ಅವನ ಜಾತಿ-ಭಾಷೆ ಕೇಳದಿರುವುದು ಮೊದಲ ಸಭ್ಯತೆ. ಎರಡು ಭಾಷೆಗಳ ನಡುವೆ ಬದುಕುವ ನಮ್ಮ ಮಕ್ಕಳಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಕಸಬರಿಗೆ ಹಿಡಿದ ಬಾಬಾ

ಹೇಳುವ ಮೊದಲು ಮಾಡಿ ತೋರಿಸಿದವರು ಗಾಡಗೆ ಬಾಬಾ. 1876ರಲ್ಲಿ ವಿದರ್ಭದಲ್ಲಿ ಹುಟ್ಟಿ 1956ರ ಡಿಸೆಂಬರ್ 20ರಂದು ತೀರಿಕೊಂಡ ಈ ಸಂತರಿಗೆ ಶಾಲೆಯ ಓದಿರಲಿಲ್ಲ. ಹರಕು ಅರಿವೆ, ಒಂದು ಮಣ್ಣಿನ ಗಡಿಗೆ, ಕೈಯಲ್ಲಿ ಕಸಬರಿಗೆ. ಒಂದೂರಿಗೆ ಹೋದರೆ ಹಗಲೆಲ್ಲ ಓಣಿ-ಗಟಾರ ಬಳಿಯುತ್ತಿದ್ದರು, ರಾತ್ರಿ ಅದೇ ಜನರನ್ನು ಕೂಡಿಸಿ ಕೀರ್ತನ ಮಾಡುತ್ತಿದ್ದರು. ಕೇಳುಗರಿಗೆ ಪ್ರಶ್ನೆ ಹಾಕಿ ಅವರ ಬಾಯಿಂದಲೇ ಉತ್ತರ ಹೊರಡಿಸುವುದು ಅವರ ಪದ್ಧತಿ. ನಾವು ಶಿಕ್ಷಣಶಾಸ್ತ್ರದ ಪುಸ್ತಕದಲ್ಲಿ ಓದುವ ಪದ್ಧತಿಯೇ ಇದು.

ನಮ್ಮ ಕಡೆಯ ದಿಂಡಿಗಳು ಸೇರುವ ಪಂಢರಪುರದಲ್ಲಿ ಯಾತ್ರೆಯ ಸಮಯ ಬಾಬಾ ಚಂದ್ರಭಾಗಾ ನದಿಯ ಮರಳು ದಂಡೆಯನ್ನು ಗುಡಿಸುತ್ತಿದ್ದರು. ಯಾತ್ರಿಕರನ್ನು ಬೈದು ಸುಮ್ಮನಾಗಲಿಲ್ಲ. ದೇಣಿಗೆ ಕೂಡಿಸಿ ಪಂಢರಪುರ, ನಾಸಿಕ ಮೊದಲಾದೆಡೆ ಧರ್ಮಶಾಲೆ ಕಟ್ಟಿಸಿದರು. ಮಲಗಲು ಜಾಗವಿಲ್ಲದವನಿಗೆ ಶುಚಿತ್ವದ ಉಪದೇಶ ಹತ್ತುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. 2000ದಲ್ಲಿ ಮಹಾರಾಷ್ಟ್ರ ಸರಕಾರ ಆರಂಭಿಸಿದ ಗ್ರಾಮ ಸ್ವಚ್ಛತಾ ಅಭಿಯಾನಕ್ಕೆ ಇವರದೇ ಹೆಸರಿಟ್ಟರು. ನಮ್ಮ ಹಲವು ಹಳ್ಳಿಗಳು ಅದರಲ್ಲಿ ಕಸಬರಿಗೆ ಹಿಡಿದವು.

ಹಲಗೆ ಮೆತ್ತಗಾಯಿತು, ಹೊಣೆ ಉಳಿಯಿತು

1974ರಲ್ಲಿ ರೇಲ್ವೆಯಿಂದ ಮೂರನೇ ವರ್ಗವೆಂಬ ಹೆಸರು ಹೋಯಿತು. 1977ರಲ್ಲಿ ಮಧು ದಂಡವತೆಯವರು ರೇಲ್ವೆ ಮಂತ್ರಿಗಳಾದ ಮೇಲೆ ಎರಡನೇ ವರ್ಗದ ಬರೀ ಕಟ್ಟಿಗೆಯ ಹಲಗೆಗಳಿಗೆ ಮೆತ್ತೆ ಬರತೊಡಗಿತು. ಹಳಿಯ ಮೇಲೆ ಬೀಳುತ್ತಿದ್ದ ಮಲ ಈಗ ಡಬ್ಬಿಯ ಕೆಳಗಿನ ತೊಟ್ಟಿಯಲ್ಲೇ ಸೂಕ್ಷ್ಮಜೀವಿಗಳಿಂದ ಕರಗುತ್ತದೆ. ಆದರೆ ಅದರೊಳಗೆ ನೀರಿನ ಬಾಟಲಿ, ಗುಟಕಾ ಚೀಟಿ, ಬಟ್ಟೆ ತುರುಕಿದರೆ ಕಟ್ಟಿಕೊಳ್ಳುತ್ತದೆ. ಮುಂದಿನ ಹತ್ತು ತಾಸು ಆ ಡಬ್ಬಿಯ ತಾಯಂದಿರು, ಮುದುಕರು ಕಷ್ಟಪಡುತ್ತಾರೆ. ಕಾಯಿದೆಗಳೂ ಬಂದಿವೆ. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನ ನಿಷೇಧ ದೇಶದ ತುಂಬ ಬಿಗಿಯಾಯಿತು. 2012ರ ನಿಯಮದಂತೆ ರೇಲ್ವೆ ಆವರಣದಲ್ಲಿ ಉಗುಳಿದರೆ, ಕಸ ಹಾಕಿದರೆ 500 ರೂಪಾಯಿಯವರೆಗೆ ದಂಡ. ರಕ್ಷಿತ ಸ್ಮಾರಕಗಳನ್ನು ಕೆಡಿಸಿದರೆ 2010ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡ.

ಗಾಂಧೀಜಿ ಕೇಳಿದ್ದರಲ್ಲಿ ರೇಲ್ವೆಯ ಪಾಲು ಬಹಳಷ್ಟು ಬಂದಿದೆ, ಕೆಲವು ಬಾಕಿಯಿದೆ. ಹಬ್ಬದ ದಿನ ಸಾಮಾನ್ಯ ಡಬ್ಬಿಯ ಬಾಗಿಲಲ್ಲಿ ಜೋತುಬಿದ್ದ ಕೂಲಿಕಾರರನ್ನು ನೋಡಿದರೆ ಬಾಕಿ ಎಷ್ಟೆಂದು ತಿಳಿಯುತ್ತದೆ. ನಮ್ಮ ಪಾಲೂ ಬಾಕಿಯಿದೆ.

ಆದ್ದರಿಂದ ಈ ಸಲ ಪ್ರವಾಸಕ್ಕೆ ಹೊರಡುವ ಮೊದಲು ಗುರುಬಂಧುಗಳಲ್ಲಿ, ಪಾಲಕರಲ್ಲಿ ನಮ್ಮ ವಿನಂತಿ ಇಷ್ಟು. ಮಕ್ಕಳಿಗೆ "ಬೇಡಿ"ಗಳ ಪಟ್ಟಿ ಓದುವ ಬದಲು ಈ ಮೂವರ ಕಥೆ ಹೇಳೋಣ. ಬುತ್ತಿಗೆ ರೊಟ್ಟಿ, ಶೇಂಗಾ ಹಿಂಡಿ ಅರಿವೆಯಲ್ಲಿ ಕಟ್ಟಿ ಕಳಿಸಿದರೆ ಅರ್ಧ ಪ್ಲಾಸ್ಟಿಕ್ ಅಲ್ಲೇ ಉಳಿಯಿತು. ಪ್ರತಿ ಹತ್ತು ಮಕ್ಕಳಿಗೆ ಒಂದು ಕಸದ ಚೀಲ ಕೊಡೋಣ. ಅದನ್ನು ಹಿಡಿಯುವ ಪಾಳಿ ಗುರುಗಳಿಂದಲೇ ಶುರುವಾಗಲಿ. ಶೌಚಾಲಯ ಹೊಲಸಿದ್ದರೆ, ನೀರಿಲ್ಲದಿದ್ದರೆ ದೂರು ಪುಸ್ತಕ ಕೇಳಿ ಮಕ್ಕಳ ಎದುರಿಗೇ ಬರೆಯೋಣ. ದೂರು ಕೊಡುವುದೂ ನಾಗರಿಕನ ಕೆಲಸವೆಂದು ಅವರು ನೋಡಲಿ.

ವಿಜಯಪುರದ ಗೋಲಗುಮ್ಮಟಕ್ಕೆ ಹೋದಾಗ ಇನ್ನೊಂದು ಮಾಡಬಹುದು. ಅಲ್ಲಿನ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಅಂದದ್ದು ಎದುರು ಬದಿಗೆ ನಿಂತವರಿಗೆ ಸ್ಪಷ್ಟ ಕೇಳುತ್ತದೆ. ಆದರೆ ಹೋದವರೆಲ್ಲ ಒಟ್ಟಿಗೆ ಕೂಗುವುದರಿಂದ ಯಾರಿಗೂ ಏನೂ ಕೇಳುವುದಿಲ್ಲ. ಅಲ್ಲಿ ನಮ್ಮ ಮಕ್ಕಳು ಎರಡು ನಿಮಿಷ ಸುಮ್ಮನೆ ನಿಲ್ಲಲಿ, ಆಮೇಲೆ ಒಬ್ಬನೇ ಪಿಸುಗುಟ್ಟಲಿ. ಬೇರೆ ಶಾಲೆಯ ಮಕ್ಕಳಿಗೂ ಅವನ ಮಾತು ಕೇಳುತ್ತದೆ.