ಬೇಸಿಗೆಯಲ್ಲಿ ಚಿಂಚೋಳಿ ಕಾಡು ಸತ್ತುಹೋಗುತ್ತದೆಯೇ? ಲಕ್ಷ ಗಿಡ ನೆಟ್ಟರೆ ಕಾಡಾಗುತ್ತದೆಯೇ?

ಕಲಬುರಗಿ ಕಡೆಯ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಕಾಡಿನ ಬಗ್ಗೆ ಎರಡು ಬಗೆಯ ಸಂದೇಶಗಳು ತಿರುಗುತ್ತವೆ. ಏಪ್ರಿಲ್‌ನಲ್ಲಿ ಬರುವುದು ಒಂದು: ಎಲೆಯಿಲ್ಲದ ಬೋಳು ಮರಗಳ ಫೋಟೊ, ಕೆಳಗೆ "ಚಿಂಚೋಳಿ ಕಾಡು ಮುಗಿಯಿತು, ಎಲ್ಲರಿಗೂ ಶೇರ್ ಮಾಡಿ". ಜೂನ್, ಜುಲೈ ಹೊತ್ತಿಗೆ ಬರುವುದು ಇನ್ನೊಂದು: "ಒಂದೇ ದಿನದಲ್ಲಿ ಲಕ್ಷ ಗಿಡ, ಇನ್ನು ನಮ್ಮ ಭಾಗ ಮಲೆನಾಡು". ಒಂದು ಹೆದರಿಸುತ್ತದೆ, ಇನ್ನೊಂದು ಖುಷಿಪಡಿಸುತ್ತದೆ. ಎರಡರಲ್ಲೂ ಕಾಡನ್ನು ಅಳೆದವರು ಯಾರೂ ಇಲ್ಲ.

ಇದು ಬರೀ ತಪ್ಪು ಮಾಹಿತಿಯಾಗಿ ಉಳಿಯುವುದಿಲ್ಲ. ಕಾಡು ಹೇಗೂ ಸತ್ತಿದೆ ಎಂದು ಜನ ನಂಬಿದರೆ ಆ ಜಾಗವನ್ನು ಬೇರೆ ಕೆಲಸಕ್ಕೆ ಕೊಡಿ ಎನ್ನುವುದು ಸುಲಭವಾಗುತ್ತದೆ. ಗಿಡ ನೆಟ್ಟಾಯಿತು ಎಂದು ನಂಬಿದರೆ ಅವು ಬದುಕಿದವೇ ಎಂದು ಯಾರೂ ಕೇಳುವುದಿಲ್ಲ.

ಬೋಳು ಮರ ಸತ್ತ ಮರವಲ್ಲ

ಚಿಂಚೋಳಿ ವನ್ಯಜೀವಿ ಧಾಮ ಘೋಷಣೆಯಾಗಿದ್ದು 2011ರಲ್ಲಿ. ವಿಸ್ತೀರ್ಣ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಧಾಮ ಎಂದು ಇದನ್ನು ಕರೆಯುತ್ತಾರೆ. ಚಂದ್ರಂಪಳ್ಳಿ ಜಲಾಶಯ ಇದರೊಳಗೇ ಇದೆ, ತೆಲಂಗಾಣದ ಗಡಿ ಪಕ್ಕದಲ್ಲೇ. ಇಲ್ಲಿನ ಬಹುಪಾಲು ಕಾಡು ಎಲೆ ಉದುರಿಸುವ ಒಣ ಕಾಡು. ಅಂಚುಗಳಲ್ಲಿ ಇಲಾಖೆ ನೆಟ್ಟ ಸಾಗವಾನಿ ಮತ್ತು ಜಾಲಿ ಜಾತಿಯ ನೆಡುತೋಪುಗಳಿವೆ.

ಯುರೋಪಿನಂಥ ತಂಪು ದೇಶಗಳಲ್ಲಿ ಮರಗಳು ಚಳಿಗೆ ಎಲೆ ಉದುರಿಸುತ್ತವೆ. ನಮ್ಮಲ್ಲಿ ಉದುರಿಸುವುದು ನೀರಿಲ್ಲದ್ದಕ್ಕೆ. ಎಲೆಯಿದ್ದರೆ ಅದರ ಸಣ್ಣ ರಂಧ್ರಗಳಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಫೆಬ್ರವರಿಯ ಹೊತ್ತಿಗೆ ಮಣ್ಣಿನ ತೇವ ಕಡಿಮೆಯಾದಾಗ ಮರ ಆ ಖರ್ಚನ್ನು ನಿಲ್ಲಿಸಿಬಿಡುತ್ತದೆ. ಸಾಗವಾನಿ, ಮುತ್ತುಗ ಎಲ್ಲವೂ ಮಾಡುವುದು ಇದನ್ನೇ. ಮುತ್ತುಗವಂತೂ ಎಲೆ ಇಲ್ಲದ ಹೊತ್ತಿನಲ್ಲೇ ಮೈತುಂಬ ಕೆಂಪು ಹೂ ಬಿಡುತ್ತದೆ. ಸತ್ತ ಮರ ಹೂ ಬಿಡುವುದಿಲ್ಲವಲ್ಲ! ಡಿಸೆಂಬರ್‌ನಲ್ಲಿ ಜರ್ಮನಿಯ ಬೋಳು ಕಾಡಿನ ಫೋಟೊ ನೋಡಿ ಯಾರೂ ಕಾಡು ಸತ್ತಿತು ಎನ್ನುವುದಿಲ್ಲ. ಚಿಂಚೋಳಿಗೆ ಮಾತ್ರ ಆ ರಿಯಾಯಿತಿ ಸಿಗುವುದಿಲ್ಲ.

ಅನುಮಾನ ಬಂದರೆ ಕೊಂಬೆಯ ತೊಗಟೆಯನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಬಹುದು. ಒಳಗೆ ಹಸಿರು, ತೇವ ಇದ್ದರೆ ಮರ ಬದುಕಿದೆ. ವಾಟ್ಸ್ಆ್ಯಪ್ ಫೋಟೊದಲ್ಲಿ ಹೀಗೆ ಕೆರೆಯಲಾಗದು, ಹಾಗಾಗಿ ಮೊದಲು ಕೇಳಬೇಕಾದ್ದು ಅದು ಯಾವ ತಿಂಗಳ ಫೋಟೊ ಎಂದು.

ಉಪಗ್ರಹದ ಕಣ್ಣಿಗೆ ಕಾಡು ಅಂದರೆ ಏನು?

ದೇಶದ ಕಾಡನ್ನು ಅಳೆಯುವುದು ಡೆಹ್ರಾಡೂನ್‌ನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷೆ. 1987ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ ವರದಿ ಕೊಡುತ್ತಿದೆ. ಇದಕ್ಕೆ ಹೆಚ್ಚಾಗಿ ಬಳಸುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಉಪಗ್ರಹ ಚಿತ್ರಗಳನ್ನು. ಆಗ ಮೋಡ ಕಡಿಮೆ, ಮರದಲ್ಲಿ ಎಲೆಯೂ ಇರುತ್ತದೆ. ಏಪ್ರಿಲ್‌ನಲ್ಲಿ ಅಳೆದರೆ ಚಿಂಚೋಳಿಯಂಥ ಕಾಡು ಲೆಕ್ಕಕ್ಕೇ ಸಿಗಲಿಕ್ಕಿಲ್ಲ.

ವರದಿಯ ಪ್ರಕಾರ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆಯಷ್ಟಾದರೂ ಇರುವ ಜಾಗದಲ್ಲಿ ಮರಗಳ ನೆತ್ತಿ ನೆಲದ ಶೇ 10ರಷ್ಟನ್ನಾದರೂ ಮುಚ್ಚಿದ್ದರೆ ಅದು 'ಅರಣ್ಯ ಹೊದಿಕೆ'. ಜಮೀನು ಯಾರದ್ದು, ಮರ ಯಾವ ಜಾತಿಯದ್ದು ಎಂಬುದು ಮುಖ್ಯವಲ್ಲ. ಶೇ 70ಕ್ಕಿಂತ ಹೆಚ್ಚು ಮುಚ್ಚಿದ್ದರೆ ಅತಿ ದಟ್ಟ, 40ರಿಂದ 70 ಸಾಧಾರಣ ದಟ್ಟ, 10ರಿಂದ 40 ತೆರೆದ ಕಾಡು. ಹತ್ತಕ್ಕಿಂತ ಕಡಿಮೆ ಇದ್ದರೆ ಕುರುಚಲು.

ಈ ಲೆಕ್ಕದಲ್ಲಿ ಮಾವಿನ ತೋಟವೂ ಅರಣ್ಯ ಹೊದಿಕೆಯೇ. ಕೆರೆ ಅಂಗಳದಲ್ಲಿ ತಾನಾಗಿ ಹಬ್ಬಿದ ಬಳ್ಳಾರಿ ಜಾಲಿಯೂ ಸೇರಬಹುದು. ಆದರೆ ಸರ್ಕಾರಿ ದಾಖಲೆಯಲ್ಲಿ 'ಅರಣ್ಯ ಭೂಮಿ' ಎಂದಿರುವ ಬರಡು ಗುಡ್ಡ ಸೇರುವುದಿಲ್ಲ. 'ದಾಖಲಾದ ಅರಣ್ಯ' ಬೇರೆ, 'ಅರಣ್ಯ ಹೊದಿಕೆ' ಬೇರೆ. ಫಾರ್ವರ್ಡ್‌ಗಳು ಒಂದರ ಅಂಕಿಯನ್ನು ಇನ್ನೊಂದರ ಹೆಸರಿನಲ್ಲಿ ಹಾಕಿಬಿಡುತ್ತವೆ.

ನಮ್ಮ ಭಾಗಕ್ಕೆ ಇನ್ನೊಂದು ತೊಡಕಿದೆ, ತೊಗರಿ. ಸೇಡಂ, ಚಿತ್ತಾಪುರದ ಎರೆ ಹೊಲಗಳಲ್ಲಿ ತೊಗರಿ ಆಳೆತ್ತರ ಬೆಳೆದು ಹಸಿರಾಗಿ ನಿಲ್ಲುವುದು ಅದೇ ಅಕ್ಟೋಬರ್, ನವೆಂಬರ್‌ನಲ್ಲಿ. ಬಳಕೆಯಾಗುವ ಉಪಗ್ರಹ ಚಿತ್ರದ ಒಂದು ಚುಕ್ಕೆಯ ಅಗಲ 23.5 ಮೀಟರ್, ನೆಲದ ಮೇಲೆ ಸುಮಾರು ಐದೂವರೆ ಗುಂಟೆ. ಅಷ್ಟು ದೂರದಿಂದ ಹಸಿರು ಹಸಿರೇ. ಅದು ಬೆಳೆಯೋ ಮರವೋ ಎಂದು ತಿಳಿಯಲು ಬೇರೆ ತಿಂಗಳ ಚಿತ್ರದೊಂದಿಗೆ ಹೋಲಿಸಬೇಕು, ಸ್ಥಳಕ್ಕೆ ಹೋಗಿ ನೋಡಬೇಕು. ಕಬ್ಬು, ಹತ್ತಿ, ಲಂಟಾನದಂಥ ಗಿಡಗಳು ಕಾಡಿನ ಜೊತೆ ಬೆರೆತು ಕಾಣುವ ಸಮಸ್ಯೆಯನ್ನು ಅರಣ್ಯ ಸಮೀಕ್ಷೆಯೇ ಒಪ್ಪಿಕೊಂಡಿದೆ. ಎಳೆಯ ನೆಡುತೋಪು ಉಪಗ್ರಹಕ್ಕೆ ಕಾಣದೇ ಹೋಗುವುದೂ ಇದೆ.

"ಭಾರತ ಹಸಿರಾಗುತ್ತಿದೆ ಎಂದು ನಾಸಾ ಹೇಳಿದೆ" ಎಂಬ ಹಳೆಯ ಸಂದೇಶವೂ ಇಲ್ಲೇ ಎಡವುತ್ತದೆ. 2019ರ ಆ ಅಧ್ಯಯನ ನಿಜ. ಆದರೆ ಭಾರತದಲ್ಲಿ ಹೆಚ್ಚಿದ ಹಸಿರಿನ ಶೇ 82ರಷ್ಟು ಬಂದದ್ದು ಹೊಲಗಳಿಂದ, ಕಾಡಿನಿಂದ ಬಂದದ್ದು ಶೇ 4.4 ಮಾತ್ರ. ಫಾರ್ವರ್ಡ್‌ನಲ್ಲಿ ಈ ಸಾಲು ಇರುವುದಿಲ್ಲ.

ಲಕ್ಷ ಗಿಡದಲ್ಲಿ ಉಳಿದದ್ದೆಷ್ಟು?

ಟರ್ಕಿಯಲ್ಲಿ 2019ರ ನವೆಂಬರ್ 11ರಂದು ಒಂದೇ ದಿನ 1.1 ಕೋಟಿ ಗಿಡ ನೆಡುವ ಅಭಿಯಾನ ನಡೆಯಿತು. ಕೆಲವೇ ತಿಂಗಳಲ್ಲಿ ಅಲ್ಲಿನ ಅರಣ್ಯ ಕಾರ್ಮಿಕರ ಸಂಘ, ತಾನು ನೋಡಿದ ಕಡೆಗಳಲ್ಲಿ ಶೇ 90ರವರೆಗೂ ಗಿಡಗಳು ಸತ್ತಿವೆ ಎಂದಿತು. ಶೇ 95ರಷ್ಟು ಚೆನ್ನಾಗಿವೆ ಎಂದಿತು ಸರ್ಕಾರ. ಯಾರು ಸರಿ ಎಂಬ ಜಗಳಕ್ಕಿಂತ, ಎರಡೂ ಕಡೆಯವರು ಒಪ್ಪುವ ಎಣಿಕೆಯೊಂದು ಇರಲಿಲ್ಲ ಎಂಬುದು ನಮಗೆ ಮುಖ್ಯವಾಗಿ ಕಂಡಿತು.

ನಮ್ಮ ದೇಶದಲ್ಲೇ, ಹಿಮಾಚಲ ಪ್ರದೇಶದ ಕಾಂಗ್ರಾ ಜಿಲ್ಲೆಯಲ್ಲಿ ದಶಕಗಳ ಕಾಲ ನಡೆದ ಸರ್ಕಾರಿ ನೆಡುತೋಪುಗಳನ್ನು ಸಂಶೋಧಕರು ಪರಿಶೀಲಿಸಿದರು. 2021ರಲ್ಲಿ ಪ್ರಕಟವಾದ ಅವರ ಫಲಿತಾಂಶ: ಇಷ್ಟು ನೆಟ್ಟರೂ ಮರಗಳ ನೆರಳು ಹೆಚ್ಚಿದ್ದಕ್ಕೆ ಪುರಾವೆ ಸಿಗಲಿಲ್ಲ. ತಂಪಿನ ಆ ಸೀಮೆಯಲ್ಲೇ ಹೀಗಾದರೆ ಏಪ್ರಿಲ್, ಮೇ ತಿಂಗಳ ಕಲಬುರಗಿ ಬಿಸಿಲಿನಲ್ಲಿ ಏನಾದೀತು?

ಎರೆ ಮಣ್ಣು ನೀರು ಹಿಡಿಯುತ್ತದೆ, ನಿಜ. ಆದರೆ ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಮೊದಲ ಬೇಸಿಗೆಯ ಎಳೆ ಬೇರುಗಳು ಆ ಬಿರುಕಿನಲ್ಲಿ ಹರಿಯುತ್ತವೆ, ಗಾಳಿಗೆ ಒಣಗುತ್ತವೆ. ಅದನ್ನು ದಾಟಿದರೆ ಮೇಕೆ, ಮೇಕೆ ದಾಟಿದರೆ ಬೆಂಕಿ. ಹಾಗಾಗಿ ಎಣಿಸಬೇಕಾದ್ದು ನೆಟ್ಟ ದಿನ ಅಲ್ಲ, ಮೂರನೇ ಬೇಸಿಗೆ ಮುಗಿದ ಮೇಲೆ. ಪ್ರತಿ ಐದನೇ ಸಾಲನ್ನು ಆರಿಸಿ ಪೂರ್ತಿ ನಡೆಯಬೇಕು, ಖಾಲಿ ಗುಂಡಿಗಳನ್ನೂ ಲೆಕ್ಕ ಹಾಕಬೇಕು. ರಸ್ತೆ ಬದಿಯ ಸಾಲನ್ನೇ ಎಣಿಸಿದರೆ ಮೋಸ ಹೋಗುತ್ತೀರಿ. ಟ್ಯಾಂಕರ್ ನೀರು ಹೆಚ್ಚಾಗಿ ಸಿಗುವುದು ಅದಕ್ಕೇ. ಸತ್ತ ಗಿಡದ ಗುಂಡಿಯಲ್ಲಿ ಮತ್ತೆ ನೆಟ್ಟದ್ದನ್ನು ಹೊಸ ಗಿಡ ಎಂದು ಕೂಡಿಸಿದ್ದಾರೆಯೇ ಎಂದೂ ಕೇಳಿ. ಒಂದೇ ಗುಂಡಿ ಹೀಗೆ ಮೂರು 'ಗಿಡ' ಆಗಬಹುದು.

"ಒಂದು ಮರ ಕಡಿದರೆ ಹತ್ತು ಗಿಡ ನೆಡುತ್ತೇವೆ" ಎಂಬ ಮಾತಿಗೂ ಲೆಕ್ಕ ಹಾಕೋಣ. ಅರಣ್ಯ ಇಲಾಖೆಯವರು ಮರದ ಸುತ್ತಳತೆಯನ್ನು ನೆಲದಿಂದ 1.37 ಮೀಟರ್ ಎತ್ತರದಲ್ಲಿ, ಅಂದರೆ ಎದೆಮಟ್ಟದಲ್ಲಿ ತೆಗೆಯುತ್ತಾರೆ. ದರ್ಜಿಯ ಟೇಪು ಸಾಕು. ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಸುತ್ತಳತೆ 188 ಸೆಂ.ಮೀ. ಇರುವ ಬೇವಿನ ವ್ಯಾಸ ಸುಮಾರು 60 ಸೆಂ.ಮೀ. ಸಸಿ 2 ಸೆಂ.ಮೀ. ದಪ್ಪ ಎಂದುಕೊಳ್ಳಿ. ಕಾಂಡದ ಅಡ್ಡಕೊಯ್ತದ ವಿಸ್ತೀರ್ಣ ವ್ಯಾಸದ ವರ್ಗದಂತೆ ಬೆಳೆಯುತ್ತದೆ: 30 ಪಟ್ಟು ದಪ್ಪವಿದ್ದರೆ ವಿಸ್ತೀರ್ಣ 900 ಪಟ್ಟು. ಅಂದರೆ ಆ ಬೇವಿನ ಕಾಂಡಕ್ಕೆ ಸಮನಾಗಲು ಅಂಥ 900 ಸಸಿ ಬೇಕು. ಎತ್ತರ, ನೆರಳು, ಹಕ್ಕಿಗೂಡು ಇದರಲ್ಲಿ ಸೇರಿಲ್ಲ.

ವಾಡಿ ಬೇರೆ, ಚಿಂಚೋಳಿ ಬೇರೆ

ಒಂದೇ ವಿಧಾನ ಎಲ್ಲ ಕಡೆ ನಡೆಯುವುದಿಲ್ಲ. ಸೇಡಂ, ವಾಡಿ, ಶಹಾಬಾದ್ ಸುತ್ತ ನೆಲದಡಿ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಬಂದದ್ದೂ ಅದಕ್ಕೇ, ಮನೆಮನೆಯ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಬರುವುದೂ ಅಲ್ಲಿಂದಲೇ. ಕಲ್ಲು ತೆಗೆದ ಗುಂಡಿಯ ತಳದಲ್ಲಿ ಮಣ್ಣೇ ಇರುವುದಿಲ್ಲ. ಅಗೆಯುವ ಮೊದಲು ಮೇಲ್ಮಣ್ಣನ್ನು ಬೇರೆಯಾಗಿ ಕೂಡಿಟ್ಟಿದ್ದರೆ ಅದನ್ನು ಮತ್ತೆ ಹರಡಿ, ಮೊದಲು ಹುಲ್ಲು, ದ್ವಿದಳ ಗಿಡ, ಆಮೇಲೆ ಬೇವು, ಹೊಂಗೆ ಬೆಳೆಸಬಹುದು. ಸುಣ್ಣ ಹೆಚ್ಚಿದ ಮಣ್ಣಿನಲ್ಲಿ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಲೆ ಹಳದಿಯಾಗುತ್ತದೆ, ಆದ್ದರಿಂದ ಎಲ್ಲ ಜಾತಿಯೂ ಒಗ್ಗುವುದಿಲ್ಲ. ಗಣಿಯನ್ನು ಹೇಗೆ ಮುಚ್ಚುತ್ತೇವೆ ಎಂಬ ಯೋಜನೆ ಇರಲೇಬೇಕು ಎನ್ನುತ್ತವೆ 2017ರ ಖನಿಜ ಸಂರಕ್ಷಣೆ ಮತ್ತು ಅಭಿವೃದ್ಧಿ ನಿಯಮಗಳು. ಗಣಿ ಅಂಚಿನ ಗಿಡಗಳ ಸಾಲು ನೋಡಿ ಖುಷಿಪಡುವ ಮೊದಲು ಕೂಡಿಟ್ಟ ಮೇಲ್ಮಣ್ಣು ಎಲ್ಲಿದೆ ಎಂದು ಕೇಳುವುದು ಒಳ್ಳೆಯ ಪ್ರಶ್ನೆ.

ಚಿಂಚೋಳಿಯ ಕಾಡಿನಲ್ಲಿ ಇದಕ್ಕೆ ಉಲ್ಟಾ. ಅಲ್ಲಿ ಬೇರು ಈಗಾಗಲೇ ನೆಲದಲ್ಲಿದೆ. ಕಡಿದ ಸಾಗವಾನಿ ಬೊಡ್ಡೆಯಿಂದ ಚಿಗುರುತ್ತದೆ, ಮುತ್ತುಗ ಬೇರಿನಿಂದಲೂ ಏಳುತ್ತದೆ. ಹಳೆಯ ಬೇರಿನ ಬಲವಿರುವ ಚಿಗುರು ನರ್ಸರಿಯ ಸಸಿಗಿಂತ ಬೇಗ ಬೆಳೆಯುತ್ತದೆ. ಅಲ್ಲಿ ಗುಂಡಿ ತೋಡುವುದಕ್ಕಿಂತ ಕೆಲವು ವರ್ಷ ಬೆಂಕಿ ಮತ್ತು ಮೇವಿನಿಂದ ಕಾಯುವುದೇ ಹೆಚ್ಚು ಕೆಲಸ ಮಾಡುತ್ತದೆ. ಹೇಳುವುದು ಸುಲಭ. ಧಾಮದ ಸುತ್ತ ಲಂಬಾಣಿ ತಾಂಡಾಗಳಿವೆ. ದನ, ಮೇಕೆ, ಸೌದೆಗೆ ಆ ಕಾಡನ್ನೇ ನಂಬಿದ ಮನೆಗಳಿವೆ. ಬೇಲಿ ಹಾಕುವ ಮೊದಲು ಮೇವು ಎಲ್ಲಿಂದ ಎಂದು ಅವರ ಜೊತೆ ಕೂತು ತೀರ್ಮಾನಿಸದಿದ್ದರೆ ಬೇಲಿ ಹೆಚ್ಚು ದಿನ ನಿಲ್ಲುವುದಿಲ್ಲ.

ಖಾಲಿ ಕಂಡಲ್ಲೆಲ್ಲ ಮರ ನೆಡುವುದೂ ಸರಿಯಲ್ಲ. ತೋಳ, ಕೃಷ್ಣಮೃಗ, ನರಿ ಈ ಸೀಮೆಯ ಪ್ರಾಣಿಗಳು, ಅವಕ್ಕೆ ಬೇಕಾದದ್ದು ಹುಲ್ಲು ಮತ್ತು ಕುರುಚಲಿನ ಬಯಲು. ಅದನ್ನು 'ಪಾಳು' ಎಂದು ಕರೆದು ಸಾಲಾಗಿ ಮರ ನೆಟ್ಟರೆ ಅರಣ್ಯ ಹೊದಿಕೆಯ ಅಂಕಿ ಏರುತ್ತದೆ, ಕೃಷ್ಣಮೃಗ ಜಾಗ ಬಿಡುತ್ತದೆ.

ಪ್ರತಿ ಜಿಲ್ಲೆಗೂ ಶೇ 33 ಕಾಡು ಕಡ್ಡಾಯವೇ?

ಅಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿಯ ಗುರಿ ಇಡೀ ದೇಶದ ಭೂಮಿಯ ಕನಿಷ್ಠ ಮೂರನೇ ಒಂದು ಭಾಗ. ಬೆಟ್ಟಗುಡ್ಡದ ಸೀಮೆಯಲ್ಲಿ ಮೂರನೇ ಎರಡು ಭಾಗ. ಅದು ಗುರಿಯೇ ಹೊರತು ಜಿಲ್ಲೆ ಜಿಲ್ಲೆಗೆ ಹಂಚಿದ ಕೋಟಾ ಅಲ್ಲ. 2023ರ ವರದಿಯಂತೆ ದೇಶದ ಅರಣ್ಯ ಹೊದಿಕೆ ಶೇ 21.76, ಬಿಡಿ ಮರಗಳನ್ನೂ ಸೇರಿಸಿದರೆ ಶೇ 25.17. ಕಲಬುರಗಿ ರಾಜ್ಯದಲ್ಲೇ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ಒಂದು, ಸುಮಾರು 10,951 ಚದರ ಕಿ.ಮೀ. ಜಿಲ್ಲೆಯಲ್ಲಿ ಚಿಂಚೋಳಿ ಧಾಮದ ಪಾಲು ಶೇ 1.2ರಷ್ಟು. ತೊಗರಿ ಬೆಳೆಯುವ ಎರೆ ಭೂಮಿಯನ್ನು ಶೇ 33 ಕಾಡು ಮಾಡಿ ಎಂದು ಯಾವ ನೀತಿಯೂ ಹೇಳಿಲ್ಲ.

ನಿಮ್ಮೂರ ತೋಪು ಎಷ್ಟು ದಟ್ಟ ಎಂದು ನೀವೇ ನೋಡಬಹುದು. ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ತೋಪಿನೊಳಗೆ ನೇರವಾಗಿ ನೂರು ಹೆಜ್ಜೆ ಹಾಕಿ. ಪ್ರತಿ ಹೆಜ್ಜೆಗೂ ನಿಂತು ನೆತ್ತಿಯ ನೇರಕ್ಕೆ ಮೇಲೆ ನೋಡಿ: ಎಲೆ ಕಂಡರೆ ಒಂದು, ಬರೀ ಆಕಾಶ ಕಂಡರೆ ಸೊನ್ನೆ. ಬೇರೆ ಬೇರೆ ದಿಕ್ಕಿನಲ್ಲಿ ಮೂರು ಸಲ ನಡೆದು ಸರಾಸರಿ ತೆಗೆಯಿರಿ. 35 ಬಂದರೆ ಶೇ 35 ಹೊದಿಕೆ, ಅಂದರೆ ತೆರೆದ ಕಾಡು. ದಿನಾಂಕ, ಜಾಗದ ಹೆಸರು ಬರೆದಿಟ್ಟು ಮುಂದಿನ ವರ್ಷ ಅದೇ ತಿಂಗಳು, ಅದೇ ದಾರಿಯಲ್ಲಿ ಮತ್ತೆ ನಡೆಯಿರಿ.