ಅಪ್ಪನ ಜೀಪು, ಎರಡು ಹೆಚ್ಚಿನ ಪಟ್ಟಾ

ಹೋದ ದೀಪಾವಳಿಗೆ ಊರಿಗೆ ಹೋದವನು ಒಂದು ಹಳೇ ಮಹೀಂದ್ರಾ ಎಂಎಂ 540 ಕೊಂಡುಬಿಟ್ಟೆ. ಡೀಸೆಲ್ ಗಾಡಿ, ಫೋರ್ ವೀಲ್ ಡ್ರೈವ್, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಆಫೀಸಿನ ಗೆಳೆಯರಿಗೆ ಫೋಟೋ ಕಳಿಸಿದ್ದೇ ತಡ, ಎಲ್ಲರದೂ ಒಂದೇ ಮಾತು: "ಮೊದಲು ನಾಲ್ಕಿಂಚು ಎತ್ತಿಸು ಮಾರಾಯ, ಆಮೇಲೆ ಉಳಿದಿದ್ದು." ನಾನೂ ಎಂಜಿನಿಯರಿಂಗ್ ಓದಿದವನೇ (ಮೆಕ್ಯಾನಿಕಲ್ ಅಲ್ಲ, ಕಂಪ್ಯೂಟರ್ ಸೈನ್ಸ್ :) ). ಯಾವ ಸ್ಪ್ರಿಂಗು, ಎಷ್ಟು ಪಟ್ಟಾ, ಎಷ್ಟು ದಪ್ಪ ಅಂತ ಒಂದು ಎಕ್ಸೆಲ್ ಶೀಟ್ ಮಾಡಿಕೊಂಡು ಅಪ್ಪನಿಗೆ ತೋರಿಸಿದೆ.

ಅಪ್ಪ ಕನ್ನಡಕ ಏರಿಸಿ ನೋಡಿ ಒಂದೇ ಮಾತು ಅಂದರು: "ತೂಕಕ್ಕಂತ ಹಾಕಿದ ಪಟ್ಟಾ, ತೂಕ ಇಳದ ಮ್ಯಾಲ ಬೆನ್ನಿಗಿ ಬಡಿತದ ನೋಡಪ."

ಆ ಮಾತಿನ ಹಿಂದೆ ಏನಿದೆ ಅಂತ ತಿಳಿಯೋಕೆ ಹೋಗಿ ಈ ಬರಹ ಹುಟ್ಟಿತು. ಸ್ವಲ್ಪ ಉದ್ದ ಆದೀತು, ಸಹಿಸಿಕೊಳ್ಳಿ.

ನಮ್ಮೂರು ರಾವೂರ. ಕಲಬುರಗಿ ಜಿಲ್ಲೆ, ಚಿತ್ತಾಪುರ ತಾಲೂಕು, ವಾಡಿ ಜಂಕ್ಷನ್ನಿನ ಮಗ್ಗುಲಲ್ಲೇ. ನಿಮ್ಮ ಅಜ್ಜಿ ಮನೆಯ ಅಡುಗೆಕೋಣೆಯಲ್ಲಿ ನೀಲಿ-ಬೂದು ಬಣ್ಣದ ಹಾಸುಗಲ್ಲು ಇದ್ದರೆ, ಅದು ನಮ್ಮ ಕಡೆಯದೇ ಇರಬಹುದು. ಶಹಾಬಾದ ಕಲ್ಲು ಅಂತಾರಲ್ಲ, ಅದು. ಭೀಮಾ ಕೊಳ್ಳದ ಸುಣ್ಣದಕಲ್ಲು. ಪದರ ಪದರವಾಗಿ ಏಳುತ್ತದೆ. ಇದೇ ಸುಣ್ಣದಕಲ್ಲು ನಂಬಿ ಶಹಾಬಾದಿಗೂ ವಾಡಿಗೂ ಸಿಮೆಂಟ್ ಕಾರ್ಖಾನೆ ಬಂದವು. ವಾಡಿಯ ಎಸಿಸಿ ಶುರುವಾದದ್ದು 1968ರಲ್ಲಿ. ಅದಕ್ಕೂ ಮೊದಲು, 1874ರಲ್ಲೇ, ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತ್ತು. ಅಂದರೆ ನಮ್ಮದು ಭಾರ ಹೊರುವ ಸೀಮೆ. ಕಲ್ಲು, ಸಿಮೆಂಟು, ತೊಗರಿ ಚೀಲ, ಜನ... ಎಲ್ಲವನ್ನೂ ಯಾವುದೋ ಒಂದು ಪಟ್ಟಾ ಹೊತ್ತೇ ಹೊತ್ತಿದೆ.

ಈ ಪಟ್ಟಾದ ಕಥೆ ಹಳೆಯದು. ಸ್ಪ್ರಿಂಗನ್ನು ಎಷ್ಟು ಎಳೆದರೆ ಅಷ್ಟು ಬಲ ಅನ್ನುವ ನಿಯಮವನ್ನು ರಾಬರ್ಟ್ ಹುಕ್ ಬಿಡಿಸಿ ಪ್ರಕಟಿಸಿದ್ದು 1678ರಲ್ಲಿ. ನಾವೆಲ್ಲ ಪಿಯುಸಿಯಲ್ಲಿ ಉರು ಹೊಡೆದದ್ದೇ. 1804ರಲ್ಲಿ ಇಂಗ್ಲೆಂಡಿನ ಒಬಾಡಿಯಾ ಎಲಿಯಟ್ ಕುದುರೆ ಸಾರೋಟಿಗೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ, ಕಮಾನಿನ ಹಾಗೆ ಬಗ್ಗಿಸಿ, ಪೇಟೆಂಟ್ ತಗೊಂಡ. ಅದೇ ಪಟ್ಟಾ ಮುಂದೆ ರೈಲು ವ್ಯಾಗನ್ನಿಗೆ ಬಂತು, ಲಾರಿಗೆ ಬಂತು, ಜೀಪಿಗೂ ಬಂತು.

1940ರಲ್ಲಿ ಅಮೆರಿಕದ ಸೈನ್ಯ ಒಂದು ಹಗುರ ಗಾಡಿ ಬೇಕು ಅಂತ ಕಂಪನಿಗಳನ್ನು ಕೇಳಿತು. 1941ರಲ್ಲಿ ವಿಲ್ಲಿಸ್ ಎಂಬಿ ಬಂತು. ಸೈನ್ಯದ ಕಾಗದದಲ್ಲಿ ಅದರ ಹೆಸರು "ಕಾಲು ಟನ್ ಟ್ರಕ್". ಈ "ಕಾಲು ಟನ್" ಅನ್ನೋದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

1947ರಿಂದ ಮಹೀಂದ್ರಾ ಈ ವಿಲ್ಲಿಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. ಮೊದಲೆಲ್ಲ ಪೆಟ್ರೋಲು. 1979ರಲ್ಲಿ ಫ್ರಾನ್ಸಿನ ಪ್ಯೂಜೋ ಜೊತೆ ಡೀಸೆಲ್ ಎಂಜಿನ್ನಿಗೆ ಒಪ್ಪಂದ ಆಯಿತು. ಎಕ್ಸ್‌ಡಿಪಿ 4.90 ಅಂತ ಅದರ ಹೆಸರು. 4 ಅಂದರೆ ನಾಲ್ಕು ಸಿಲಿಂಡರ್, 90 ಅಂದರೆ 90 ಮಿಲಿಮೀಟರ್ ಬೋರ್. 2112 ಸಿಸಿ. 1980ರ ದಶಕದ ಮಧ್ಯದಲ್ಲಿ ಎಂಎಂ 540 ಬಂದದ್ದು ಈ ಎಂಜಿನ್ ಹೊತ್ತುಕೊಂಡೇ. ಡೀಸೆಲ್ ಎಂಜಿನ್ನು ಗಟ್ಟಿ ಎರಕದ್ದು, ಮೂತಿ ಭಾರ. ಹಾಗಾಗಿ ಪೆಟ್ರೋಲ್ ಜೀಪಿನ ಮುಂದಿನ ಪಟ್ಟಾ ತಂದು ಇದಕ್ಕೆ ಹಾಕಿದರೆ ಗಾಡಿ ಮುಗ್ಗರಿಸಿದ ಎತ್ತಿನ ಹಾಗೆ ಮೂತಿ ಕೆಳಗೆ ಮಾಡಿ ನಿಲ್ಲುತ್ತೆ.

ಅಪ್ಪನದು ಎಂಎಂ 540 ಅಲ್ಲ, ಅದರ ಉದ್ದನೆಯ ತಮ್ಮ, ಕಮಾಂಡರ್. ಟೂ ವೀಲ್ ಡ್ರೈವ್. 14 ವರ್ಷ ಓಡಿಸಿದರು. ಬಸ್ಸು ಕಮ್ಮಿ ಇದ್ದ ಕಾಲ. ನಸುಕಿಗೆ ಕಾರ್ಖಾನೆ, ಖಣಿ ಅಂತ ಹೋಗುವ ಜನ, ಸಂತೆ ದಿನ ಚಿತ್ತಾಪುರಕ್ಕೆ ಹೋಗುವ ಜನ. ಒಳಗೆ, ಹಿಂದೆ, ಬಾಗಿಲಿಗೆ, ಮೇಲೆ... 18 ಜನ ಅಂದರೆ ಖಾಲಿ ಅಂತ ಲೆಕ್ಕ. ಒಬ್ಬರಿಗೆ 55 ಕಿಲೋ ಹಿಡಿದರೂ ಹತ್ತಿರ ಹತ್ತಿರ ಒಂದು ಟನ್. ಕಾಲು ಟನ್ನಿನ ಗಾಡಿಯ ವಂಶದ ಮೇಲೆ ನಾವು ಕಲಬುರಗಿ ಮಂದಿ ಪೂರ್ತಿ ಟನ್ ಹೇರಿದೆವು!

ಹಿಂದಿನ ಪಟ್ಟಾ ಕೂತೇ ಹೋಗುತ್ತಿತ್ತು. ಅದಕ್ಕೆ ಎಲ್ಲರೂ ಮಾಡುವ ಉಪಾಯವನ್ನೇ ಅಪ್ಪನೂ ಮಾಡಿದರು. ಆ ಕಡೆ ಎರಡು, ಈ ಕಡೆ ಎರಡು ಹೆಚ್ಚಿನ ಪಟ್ಟಾ. ಏಳಿದ್ದದ್ದು ಒಂಬತ್ತಾಯಿತು. ಗಾಡಿ ಎದ್ದು ನಿಂತಿತು.

ಈಗ ಸ್ವಲ್ಪ ಲೆಕ್ಕ. ಪಟ್ಟಾದ ಗಡಸುತನ ಪಟ್ಟಿಗಳ ಸಂಖ್ಯೆಗೆ ನೇರ ಅನುಪಾತ, ದಪ್ಪದ ಘನಕ್ಕೆ ಅನುಪಾತ, ಉದ್ದದ ಘನಕ್ಕೆ ವಿಲೋಮ. ಏಳರಿಂದ ಒಂಬತ್ತು ಅಂದರೆ ಸುಮಾರು 29% ಹೆಚ್ಚು ಗಡಸು. ಸಂಖ್ಯೆ ಬಿಟ್ಟು ದಪ್ಪವನ್ನು 6 ಮಿ.ಮೀ.ನಿಂದ 7ಕ್ಕೆ ಏರಿಸಿದರೆ? 343ನ್ನು 216ರಿಂದ ಭಾಗಿಸಿ. ಹತ್ತಿರ ಹತ್ತಿರ 59% ಹೆಚ್ಚು! ಒಂದು ಮಿಲಿಮೀಟರ್ ಅಂತ ಅಸಡ್ಡೆ ಮಾಡಬೇಡಿ.

ಗಡಸಾದರೆ ಏನಾಗುತ್ತೆ? ಕೂತ ಭಾರಕ್ಕೆ ಪಟ್ಟಾ 12 ಸೆಂ.ಮೀ. ಬಗ್ಗಿದರೆ ಗಾಡಿ ಸೆಕೆಂಡಿಗೆ ಸುಮಾರು 1.4 ಸಲ ತೂಗುತ್ತೆ, ತೊಟ್ಟಿಲ ಹಾಗೆ. ಭಾರ ಇಳಿದು 4 ಸೆಂ.ಮೀ. ಮಾತ್ರ ಬಗ್ಗಿದರೆ ಸೆಕೆಂಡಿಗೆ 2.5 ಸಲ. ಅದು ತೂಗೋದಲ್ಲ, ಕುಟ್ಟೋದು. 18 ಜನ ಕೂತಾಗ ಜೀಪು ಮೆತ್ತಗೆ ಹೋಗುತ್ತಿತ್ತು. ಅವರನ್ನು ಇಳಿಸಿ ಅಪ್ಪ ಒಬ್ಬರೇ ಖಾಲಿ ಗಾಡಿಯಲ್ಲಿ ಬರುವಾಗ ಪ್ರತಿ ತಗ್ಗೂ ಅವರ ಸೊಂಟಕ್ಕೇ. ಆಮೇಲೆ ಡಾಕ್ಟರು ಡಿಸ್ಕ್ ಸರಿದಿದೆ ಅಂದರು, ಗಾಡಿ ಮಾರಿದೆವು. ಎಲ್ಲಾ ಆ ನಾಲ್ಕು ಪಟ್ಟಾದಿಂದಲೇ ಆಯಿತು ಅಂತ ನಾನು ಹೇಳಲ್ಲ. ಆದರೆ ನನ್ನ ಕಾಲೇಜು ಫೀಸು ಬಂದದ್ದು ಆ ಪಟ್ಟಾದ ಮೇಲಿಂದಲೇ, ಅದು ಮಾತ್ರ ನಿಜ.

ಮತ್ತೆ ನನ್ನ ನಾಲ್ಕಿಂಚಿನ ಕನಸಿಗೆ ಬರೋಣ. ಜೀಪು ಎತ್ತರಿಸಲು ದಾರಿ ಬೇರೆ ಬೇರೆ ಇವೆ. ಪಟ್ಟಾ ಸೇರಿಸಬಹುದು, ಎತ್ತರವೂ ಬರುತ್ತೆ, ಗಡಸುತನವೂ ಬೇಡವೆಂದರೂ ಬರುತ್ತೆ. ಉದ್ದನೆ ಶ್ಯಾಕಲ್ ಹಾಕಬಹುದು, ಎರಡಿಂಚು ಉದ್ದ ಮಾಡಿದರೆ ಒಂದಿಂಚು ಎತ್ತರ ಸಿಗುತ್ತೆ, ಆದರೆ ಮುಂದಿನ ಆಕ್ಸಲ್ಲಿನ ಕೋನ ಕೆಟ್ಟು ಸ್ಟೇರಿಂಗ್ ಅಲೆದಾಡುತ್ತೆ. ಹಳೇ ಪಟ್ಟಾವನ್ನೇ ಬಡಿಸಿ ಕಮಾನು ಏರಿಸಬಹುದು, ಆದರೆ ಕೆಂಪಗೆ ಕಾಯಿಸಿ ಸರಿಯಾಗಿ ಹದ ಮಾಡದಿದ್ದರೆ ಒಂದೋ ಮುರಿಯುತ್ತೆ, ಇಲ್ಲ ಮತ್ತೆ ಕೂರುತ್ತೆ. ಆಕ್ಸಲ್ ಮೇಲೆ ಪಟ್ಟಾ ಕೂರಿಸಿದರೆ ತುಂಬಾ ಎತ್ತರ. ಆಗ ಪ್ರೊಪೆಲ್ಲರ್ ಶಾಫ್ಟಿನ ಕೋನ, ಬ್ರೇಕ್ ಹೋಸು, ಶಾಕ್ ಅಬ್ಸಾರ್ಬರ್ ಎಲ್ಲಾ ಬದಲಾಯಿಸಬೇಕು. ತಿರುವಿನಲ್ಲಿ ಮಗುಚುವ ಭಯ ಬೇರೆ. ಅಂದ ಹಾಗೆ, ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟೆಲ್ಲಾ ಮಾಡಿದರೂ, ಆಕ್ಸಲ್ ನಡುವಿನ ಗುಂಡನೆ ಡಿಫರೆನ್ಷಿಯಲ್ ಇದೆಯಲ್ಲ, ಅದು ಒಂದು ಕೂದಲೆಳೆಯೂ ಏಳಲ್ಲ! ಅದನ್ನು ಎತ್ತೋದು ದೊಡ್ಡ ಟೈರು ಮಾತ್ರ. ಮಳೆಗಾಲದ ನಮ್ಮ ಎರೆಮಣ್ಣಿನಲ್ಲಿ ಮೊದಲು ಹೂಳೋದೇ ಆ ಗುಂಡು. ನನ್ನ ಎಕ್ಸೆಲ್ ಶೀಟಿನಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಈಗಿನ ಗಾಡಿಗಳಲ್ಲಿ ಪಟ್ಟಾ ಹೋಗುತ್ತಿದೆ. 2010ರ ಥಾರ್‌ನಲ್ಲಿ ಹಿಂದೆ ಪಟ್ಟಾ ಇತ್ತು, 2020ರ ಥಾರ್‌ನಲ್ಲಿ ಹಿಂದೆಯೂ ಕಾಯಿಲ್ ಬಂತು. ಆದರೂ ಪಟ್ಟಾ ಸಾಯಲ್ಲ. ಲಾರಿಯ ಹಳೇ ಪಟ್ಟಾ ಕಮ್ಮಾರನ ಕುಲುಮೆಗೆ ಹೋಗಿ ಕೊಡಲಿ, ಕುಡಗೋಲು ಆಗುತ್ತೆ. ನಮ್ಮ ಹಿತ್ತಲಲ್ಲಿರುವ ಕೊಡಲಿಯೂ ಹಿಂದೆ ಯಾವುದೋ ಲಾರಿಯ ಭಾರ ಹೊತ್ತದ್ದೇ.

ಕೊನೆಗೆ ಏನು ಮಾಡಿದೆ ಅಂತೀರಾ? ನಾಲ್ಕಿಂಚು ಬಿಟ್ಟೆ. ವಾಡಿಯಲ್ಲಿ ಗಾಡಿ ಬಿಚ್ಚಿಸಿದಾಗ ಹಿಂದೆ ಕಂಪನಿಯ ಲೆಕ್ಕಕ್ಕಿಂತ ಹೆಚ್ಚು ಪಟ್ಟಾ ಸಿಕ್ಕವು. ಹಿಂದಿನ ಯಾವನೋ ಮಾಲೀಕ ಅವನ ಕಾಲದ ಭಾರಕ್ಕೆ ಹಾಕಿಸಿಕೊಂಡದ್ದು. ಅವನ್ನು ತೆಗೆಸಿದೆ. ಕೂತುಹೋಗಿದ್ದ ಪಟ್ಟಾಗಳ ಬದಲು ಮೂಲ ಅಳತೆಯ ಹೊಸ ಸೆಟ್ಟು, ಹೊಸ ಬುಷ್ಷು, ಹೊಸ ಶಾಕ್ ಹಾಕಿಸಿದೆ. ಕಂಪನಿ ಕೊಟ್ಟ ಎತ್ತರ ವಾಪಸ್ ಬಂತು. ಅಷ್ಟೇ ಸಾಕು.

ಸಂಜೆ ಅಪ್ಪನನ್ನು ಕೂರಿಸಿಕೊಂಡು ಹೊಲಕ್ಕೆ ಹೋದೆ. ದಾರಿಯಲ್ಲಿ ಒಂದು ದೊಡ್ಡ ತಗ್ಗು ಬಂತು. ಅಪ್ಪ ಅಭ್ಯಾಸ ಬಲದಿಂದ ಎರಡೂ ಕೈಯಿಂದ ಸೀಟಿನ ಅಂಚು ಹಿಡಿದುಕೊಂಡರು. ಜೀಪು ಇಳಿದು, ಹತ್ತಿ, ಒಂದು ಸಲ ತೂಗಿ ಸುಮ್ಮನಾಯಿತು.

"ಇಷ್ಟ ಏನು?" ಅಂದರು ಅಪ್ಪ. ಕೈ ಬಿಟ್ಟು ತೊಗರಿ ನೋಡತೊಡಗಿದರು.